ಹದಿನೇಳು ಪಾಯಿಂಟ್ ನಾಲ್ಕು ಮೀಟರಿನ ಧೂಪದ ಮರ

ಶಿಕ್ಷಕರಿಗೆ ಮರ ತೋರಿಸುವುದು ಸುಲಭ ಎಂದು ನೀವು ತಿಳಿದಿದ್ದರೆ, ನೀವು ಮರವನ್ನು ನೋಡಿರಬಹುದು, ಶಿಕ್ಷಕರನ್ನು ನೋಡಿಲ್ಲ. ನಾನು ಒಟ್ಟಿಗೇ ನಲವತ್ತು ಮಂದಿಯನ್ನು ನೋಡಿದ್ದೇನೆ. ಎಂಬತ್ತರ ದಶಕ ಅರ್ಧ ದಾಟಿದ್ದ ಒಂದು ಮೇ ತಿಂಗಳು. ಕೊಡಿಯಾಲ್‌ಬೈಲಿನ ಒಂದು ಶಾಲೆಯ ಸಭಾಂಗಣ. ಮೇಲೆ ಹೆಂಚು, ಕೆಳಗೆ ನಾವು, ನಡುವೆ ತಿರುಗದ ಎರಡು ಫ್ಯಾನು. ಮರಗಳನ್ನೂ ಕಾಡನ್ನೂ ಇಟ್ಟುಕೊಂಡು ಮಕ್ಕಳಿಗೆ ಪರಿಸರದ ಪಾಠ ಮಾಡುವುದು ಹೇಗೆ ಎಂದು ಪ್ರಾಥಮಿಕ ಶಾಲೆಯವರಿಗೆ ಹತ್ತು ದಿನ ಕಲಿಸಬೇಕಿತ್ತು.

ಕಲಿಸುವವರು ಇಬ್ಬರು. ಒಬ್ಬರು ತರಬೇತಿ ಅಧಿಕಾರಿಗಳು. ಇನ್ನೊಬ್ಬ ನಾನು, ಸಸ್ಯಶಾಸ್ತ್ರದಲ್ಲಿ ಎರಡನೇ ದರ್ಜೆಯ ಬಿ.ಎಸ್ಸಿ. ಹುದ್ದೆಯ ಹೆಸರು ಸಹಾಯಕ ಸಂಪನ್ಮೂಲ ವ್ಯಕ್ತಿ. ಆ ಸಂಪನ್ಮೂಲ ಯಾವುದೆಂದು ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಸೀಮೆಸುಣ್ಣದ ಡಬ್ಬ, ಅಳತೆಯ ಟೇಪು ಮತ್ತು ಸೈಕ್ಲೋಸ್ಟೈಲ್ ಮಾಡಿದ ಕಾಗದದ ಕಟ್ಟು ನನ್ನ ವಶದಲ್ಲಿದ್ದವು, ಅದೇ ಇರಬೇಕು.

ಅಧಿಕಾರಿಗಳು ಪ್ರತಿ ವಾಕ್ಯವನ್ನೂ ‘ಎಂಬುದಾಗಿ’ ಎಂದು ಮುಗಿಸುತ್ತಿದ್ದರು. ‘ಮರವು ನಮ್ಮ ಮಿತ್ರ ಎಂಬುದಾಗಿ. ನೀರು ತನ್ನಿ ಎಂಬುದಾಗಿ.’ ಮಾತಿಗೆ ಮೊದಲು ಎರಡು ಸಲ ಗಂಟಲು ಕೆರೆಯುವುದು, ಕನ್ನಡಕವನ್ನು ಹಣೆಗೆ ಏರಿಸಿ ಆಮೇಲೆ ಅದನ್ನು ಮೇಜಿನ ಮೇಲೆ ಹುಡುಕುವುದು. ಇಂಥವರು ಸಿಕ್ಕಿದರೆ ನನಗೆ ಹಬ್ಬ. ಮೊದಲ ದಿನದ ಚಹಾ ವಿರಾಮದಲ್ಲೇ ಅವರ ಅನುಕರಣೆ ಮಾಡಿ ತೋರಿಸಿದೆ. ನಲವತ್ತು ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಹತ್ತು ದಿನಗಳಲ್ಲಿ ಅವರು ನನ್ನಿಂದ ಗಮನವಿಟ್ಟು ಕಲಿತದ್ದು ಅದೊಂದನ್ನೇ.

ಉದ್ಘಾಟನೆಯ ಅಲಂಕಾರಕ್ಕೆಂದು ಬಾಗಿಲಿನ ಪಕ್ಕದ ಮಾವಿನ ಮರದ ಕೈಗೆಟುಕುವ ರೆಂಬೆಗಳನ್ನೆಲ್ಲ ಮುರಿದು ತೋರಣ ಕಟ್ಟಿದ್ದರು. ಅದರ ಕೆಳಗೆ ನಿಂತು ಅಧಿಕಾರಿಗಳು ಒಂದು ಎಲೆಯನ್ನೂ ಕೀಳಬಾರದೆಂದು ಮುಕ್ಕಾಲು ಗಂಟೆ ಹೇಳಿದರು. ಯಾರಿಗೂ ಏನೂ ಅನಿಸಲಿಲ್ಲ. ಮಧ್ಯಾಹ್ನ, ನಿಮ್ಮ ಮನೆಯ ಹತ್ತಿರದ ಒಂದು ಮರದ ಚಿತ್ರ ಬರೆಯಿರಿ ಎಂದೆ. ಕಂದು ಕಂಬ, ಅದರ ಮೇಲೆ ಹಸಿರು ಮೋಡ, ಮೋಡದಲ್ಲಿ ಮೂರು ಕೆಂಪು ಚುಕ್ಕೆ. ನಲವತ್ತರಲ್ಲಿ ಮೂವತ್ತಕ್ಕೂ ಹೆಚ್ಚು ಚಿತ್ರ ಹೀಗೇ.

‘ಇದು ಎಂತ ಮರ ಟೀಚರ್?’ ಎಂದು ಮಣ್ಣಗುಡ್ಡದ ಟೀಚರನ್ನು ಕೇಳಿದೆ. ಅವರು ನಲವತ್ತು ಮಂದಿಯ ಅಘೋಷಿತ ನಾಯಕಿ, ಎಲ್ಲರ ಪರವಾಗಿ ಮಾತಾಡುವುದು ಅವರೇ.

‘ಸೇಬು ಸಾರ್.’

‘ಮಣ್ಣಗುಡ್ಡದಲ್ಲಿ ಸೇಬಿನ ಮರ ಉಂಟಾ?’

‘ಪುಸ್ತಕದಲ್ಲಿ ಉಂಟಲ್ಲ ಸಾರ್. ನಾವು ಹೊರಗೆ ಹೋಗಿ ನೋಡ್ಲಿಕ್ಕೆ ಬಂದದ್ದಲ್ಲ. ನೀವು ನೋಟ್ಸ್ ಕೊಡಿ, ನಾವು ಬರ್ಕೊಳ್ತೇವೆ.’

ಎರಡನೇ ದಿನ ಗುರುವಾರ. ಅಂದು ನನ್ನ ಮುಖ್ಯ ಪಾಠವಿತ್ತು, ಮರವನ್ನು ಹತ್ತದೆ ಅದರ ಎತ್ತರ ತಿಳಿಯುವುದು. ಜ್ಯಾಮಿತಿ ಪೆಟ್ಟಿಗೆಯ ನಲವತ್ತೈದು ಡಿಗ್ರಿಯ ಮೂಲೆಮಟ್ಟ ಒಂದಿದ್ದರೆ ಸಾಕು. ತಳ ನೆಲಕ್ಕೆ ಸಮವಾಗಿರುವಂತೆ ಅದನ್ನು ಕಣ್ಣಿನ ಹತ್ತಿರ ಹಿಡಿಯಬೇಕು. ಓರೆ ಅಂಚಿನ ನೇರದಲ್ಲಿ ಮರದ ತುದಿ ಕಾಣುವವರೆಗೆ ಹಿಂದೆ ಹಿಂದೆ ನಡೆಯಬೇಕು. ತುದಿ ಕಂಡಲ್ಲಿ ನಿಂತು, ಅಲ್ಲಿಂದ ಬುಡದವರೆಗಿನ ದೂರವನ್ನು ಟೇಪಿನಲ್ಲಿ ಅಳೆದು, ಅದಕ್ಕೆ ನಮ್ಮ ಕಣ್ಣಿನ ಎತ್ತರ ಕೂಡಿಸಬೇಕು. ಮರದ ಎತ್ತರ ಬಂತು. ಐದನೇ ತರಗತಿಯ ಮಗು ಮಾಡಬಹುದಾದ ಕೆಲಸ. ಆದ್ದರಿಂದಲೇ ನಮ್ಮವರಿಗೆ ಕಷ್ಟವಾಯಿತು.

ಪ್ರತಿಯೊಬ್ಬರೂ ಬೇರೆಬೇರೆ ಮರ ಆರಿಸಿಕೊಳ್ಳಲಿ ಎಂದು ನಾನು ಹೇಳಿದ್ದೆ. ಅಧಿಕಾರಿಗಳು ಒಪ್ಪಲಿಲ್ಲ. ‘ಏಕರೂಪತೆ ಇರಬೇಕು ಎಂಬುದಾಗಿ. ಎಲ್ಲರಿಗೂ ಒಂದೇ ಮರ. ತಿದ್ದುವುದಕ್ಕೆ ಸುಲಭ.’ ಹಾಗೆ ಶಾಲೆಯ ಅಂಗಳದ ಧೂಪದ ಮರ ಗೊತ್ತಾಯಿತು. ನೆಟ್ಟಗೆ ಬೆಳೆದ, ಎಲೆ ಉದುರಿಸಿ ಬೋಳಾಗದ, ಅಳೆಯುವುದಕ್ಕೆ ಹೇಳಿ ಮಾಡಿಸಿದಂಥ ಮರ. ಶುಕ್ರವಾರ, ಶನಿವಾರ, ಸೋಮವಾರ, ಹೀಗೆ ಮೂರು ದಿನ ಅದನ್ನು ನೋಡಿ, ಅಳೆದು, ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಮಾದರಿಗೆ ಒಂದು ಪುಸ್ತಕವನ್ನು ನಾನು ತುಂಬಿಸಿ ಮೇಜಿನ ಮೇಲೆ ಇಡಬೇಕು.

ಈಗ ನನ್ನ ಸರದಿ. ಗುರುವಾರ ಮಧ್ಯಾಹ್ನದ ಬಿಸಿಲು ಹೇಗಿತ್ತೆಂದರೆ ಅಂಗಳದ ಕಾಗೆಯೂ ಜಗಲಿಗೆ ಬಂದು ಕೂತಿತ್ತು. ರಸ್ತೆಯಾಚೆ ನನ್ನ ಮಾವನ ಹೋಟೆಲು. ಗದ್ದೆಗಳು ಒಕ್ಕಲುಗಳ ಪಾಲಾದ ಮೇಲೆ ನಮ್ಮ ಕುಟುಂಬ ಕಂಡುಕೊಂಡ ದಾರಿ ಅದು. ನಾನೂ ಇವತ್ತಲ್ಲ ನಾಳೆ ಅದರ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವನೇ ಎಂದು ಮಾವನಿಗೆ ಖಾತ್ರಿಯಿತ್ತು.

‘ಎಂತ ಮಾರಾಯ, ಮರ ಅಳ್ದು ಆಯ್ತಾ?’ ಎಂದರು.

‘ಆಗ್ತಾ ಉಂಟು ಮಾವ,’ ಎಂದು ಹೇಳಿ ಫ್ಯಾನಿನ ಕೆಳಗಿನ ಮೇಜು ಹಿಡಿದೆ. ಗೋಳಿಬಜೆ ತಿನ್ನುತ್ತ ಮಾದರಿ ಪುಸ್ತಕ ತುಂಬಿಸಿದೆ. ಎತ್ತರ ಎಂದಿದ್ದಲ್ಲಿ ಸ್ವಲ್ಪ ಯೋಚಿಸಿ ಹದಿನೇಳು ಪಾಯಿಂಟ್ ನಾಲ್ಕು ಮೀಟರ್ ಎಂದು ಬರೆದೆ. ಬರೀ ಹದಿನೇಳು ಎಂದಿದ್ದರೆ ಅಂದಾಜು ಎಂದು ಗೊತ್ತಾಗುತ್ತಿತ್ತು. ಸುಳ್ಳಿಗೆ ಒಂದು ದಶಾಂಶ ಬಿಂದು ಇಟ್ಟರೆ ಅದು ವಿಜ್ಞಾನವಾಗುತ್ತದೆ. ಕಾಲೇಜಿನ ಪ್ರಯೋಗಾಲಯದಲ್ಲಿ ಮೂರು ವರ್ಷ ನಾನು ಕಲಿತದ್ದು ಇದನ್ನೇ.

ಮೊದಲ ಎರಡು ದಿನ ಅಂಗಳದಲ್ಲಿ ಮೂಲೆಮಟ್ಟ ಹಿಡಿದು ಓಡಾಟ ನಡೆಯಿತು. ಸೀರೆಯ ಸೆರಗನ್ನು ತಲೆಗೆ ಹೊದ್ದವರು, ಕೊಡೆ ಹಿಡಿದವರು, ಕೊಡೆ ಹಿಡಿದವರ ನೆರಳು ಹಿಡಿದವರು. ಹಿಂದಕ್ಕೆ ನಡೆಯುತ್ತ ಒಬ್ಬರು ಕೊಡಪಾನದ ಮೇಲೆ ಕೂತುಬಿಟ್ಟರು. ಐದು ನಿಮಿಷ ಹೀಗೆ ಆಡಿ ಎಲ್ಲರೂ ಒಳಗೆ ಬಂದು ನನ್ನ ಮಾದರಿಯ ಸುತ್ತ ನಿಂತು ಬರೆದುಕೊಂಡರು. ಕೂಳೂರಿನ ಬ್ಯಾರಿ ಮಾಸ್ಟ್ರೊಬ್ಬರು ಮಾತ್ರ ಬಿಸಿಲಿನಲ್ಲೇ ಉಳಿದರು. ಐವತ್ತರ ಹತ್ತಿರದ ವಯಸ್ಸು, ಬಿಳಿ ಶರ್ಟು, ಜೇಬಿನಲ್ಲಿ ಮಡಚುವ ಟೇಪು. ‘ಮಾಸ್ಟ್ರಿಗೆ ಅರಣ್ಯ ಮಂತ್ರಿ ಆಗ್ಲಿಕ್ಕುಂಟು’ ಎಂದು ನಾನೇ ಜಗಲಿಯಿಂದ ಕೂಗಿ ಎಲ್ಲರನ್ನೂ ನಗಿಸಿದೆ. ಅವರು ತಿರುಗಿ ನೋಡಲಿಲ್ಲ. ಎಣಿಸುತ್ತಿದ್ದರು.

ಭಾನುವಾರ ಶಾಲೆಯ ಸಂಚಾಲಕರು ಆ ಮರವನ್ನು ಕಡಿಸಿದರು. ಅದರ ಎಲೆ ಹೆಂಚಿನ ಅಂಚಿನ ನೀರುದೋಣಿಯಲ್ಲಿ ಕಟ್ಟಿಕೊಂಡು ನೀರು ಒಳಗೆ ಬರುತ್ತದೆ ಎಂಬ ದೂರು ಹಳೆಯದು. ಜತೆಗೆ ನಮ್ಮ ಸಮಾರೋಪಕ್ಕೆ ಅಂಗಳದಲ್ಲಿ ಚಪ್ಪರ ಹಾಕಬೇಕಿತ್ತು, ಅದಕ್ಕೆ ಮರ ಅಡ್ಡ. ಪರಿಸರ ತರಬೇತಿಯ ಚಪ್ಪರಕ್ಕೆ ಜಾಗ ಮಾಡಿಕೊಡಲು ಮರ ಅಡ್ಡಬಿತ್ತು. ಸೋಮವಾರ ನಾವು ಬಂದಾಗ ಅದು ಅಂಗಳದ ಉದ್ದಕ್ಕೆ ಮಲಗಿತ್ತು.

ಸೋಮವಾರ ಮೂರನೇ ವೀಕ್ಷಣೆಯ ದಿನ. ಯಾರಾದರೂ ಏನಾದರೂ ಹೇಳುತ್ತಾರೆಂದು ಕಾದೆ. ಊಟದ ನಂತರ ಒಂದಿಪ್ಪತ್ತು ಮಂದಿ ಆ ದಿಮ್ಮಿಯ ಮೇಲೆ ಸಾಲಾಗಿ ಕೂತು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು, ಮರದ ಎತ್ತರ ಹದಿನೇಳು ಪಾಯಿಂಟ್ ನಾಲ್ಕು ಎಂದು ಬರೆದರು. ಉಳಿದವರು ಶನಿವಾರವೇ ಮನೆಯಲ್ಲಿ ಬರೆದು ಮುಗಿಸಿದ್ದರು, ಅವರಿಗೆ ಕೂರುವ ಕೆಲಸ ಮಾತ್ರ. ‘ಮರದ ಮೇಲೆ ಎರಡು ಕಾಗೆಗಳಿದ್ದವು’ ಎಂದು ಮಣ್ಣಗುಡ್ಡದ ಟೀಚರ ಪುಸ್ತಕದಲ್ಲಿತ್ತು. ‘ನೆರಳು ಆಹ್ಲಾದಕರವಾಗಿತ್ತು’ ಎಂದು ಹನ್ನೊಂದು ಪುಸ್ತಕಗಳಲ್ಲಿತ್ತು. ನಾನೇನು ಮಾಡಿದೆ? ಅದೇ ದಿಮ್ಮಿಯ ಮೇಲೆ ಹತ್ತಿ ನಿಂತು, ಅಧಿಕಾರಿಗಳ ಧ್ವನಿಯಲ್ಲಿ ‘ಮರವು ವಿಶ್ರಾಂತಿ ಪಡೆಯುತ್ತಿದೆ ಎಂಬುದಾಗಿ’ ಎಂದೆ. ಚೆನ್ನಾಗಿ ನಕ್ಕರು. ಆ ನಗುವಿನ ನಡುವೆ ಕೂಳೂರಿನ ಮಾಸ್ಟ್ರು ನನ್ನ ಕಾಲಿನ ಹತ್ತಿರ ಬಗ್ಗಿ, ‘ಸ್ವಲ್ಪ ಆಚೆ ನಿಲ್ತೀರಾ?’ ಎಂದು ಟೇಪು ಎಳೆದರು. ಸಂಜೆ ದಿಮ್ಮಿಯನ್ನು ಮೂರು ತುಂಡು ಮಾಡಿದರು, ಲಾರಿ ಬಂದು ಹೊತ್ತುಕೊಂಡು ಹೋಯಿತು.

ಮಂಗಳವಾರ ಸಂಜೆ ಅಧಿಕಾರಿಗಳು ನನ್ನನ್ನು ಕರೆದರು. ಮೇಜಿನ ಮೇಲೆ ಒಂದು ಪುಸ್ತಕ ಬೇರೆಯಾಗಿತ್ತು. ಮೊದಲ ವೀಕ್ಷಣೆ ಹನ್ನೆರಡು ಪಾಯಿಂಟ್ ನಾಲ್ಕು. ಎರಡನೆಯದು ಹನ್ನೊಂದು ಪಾಯಿಂಟ್ ಒಂಬತ್ತು. ಮೂರನೆಯದರಲ್ಲಿ ಹೀಗಿತ್ತು: ‘ಮರ ಇಲ್ಲ. ಭಾನುವಾರ ಕಡಿದಿದ್ದಾರೆ. ಬುಡದಿಂದ ತುದಿಯವರೆಗೆ ನೆಲದಲ್ಲಿ ಅಳೆದಾಗ ಹನ್ನೆರಡು ಪಾಯಿಂಟ್ ಒಂದು. ಕಾಂಡದ ಮೂರು ತುಂಡುಗಳನ್ನು ಕೂಳೂರಿನಲ್ಲಿರುವ ನನ್ನ ತಮ್ಮನ ಡಿಪೋದಲ್ಲಿ ಮತ್ತೊಮ್ಮೆ ಅಳೆದು ತಾಳೆ ನೋಡಿದ್ದೇನೆ. ಮೂಲೆಮಟ್ಟದ ಕ್ರಮ ಸರಿಯಾಗಿದೆ.’

‘ಮೂವತ್ತೊಂಬತ್ತು ಮಂದಿಗೆ ಹದಿನೇಳು ಪಾಯಿಂಟ್ ನಾಲ್ಕು ಬಂದಿದೆ. ಒಬ್ಬರಿಗೆ ಬಂದಿಲ್ಲ. ತಪ್ಪು ಯಾರದ್ದು ಎಂಬುದಾಗಿ?’ ಎಂದರು ಅಧಿಕಾರಿಗಳು. ‘ಮತ್ತೆ ಈ ಕಡಿದಿದ್ದಾರೆ, ಗಿಡಿದಿದ್ದಾರೆ ಎಲ್ಲ ಯಾಕೆ? ಸಂಚಾಲಕರು ಶುಕ್ರವಾರ ವೇದಿಕೆಯಲ್ಲಿ ಇರುತ್ತಾರೆ. ಗುರುವಾರ ಸಂಜೆಯ ಒಳಗೆ ತಿದ್ದಿ ಬರೆದು ಕೊಡಲಿ. ಇಲ್ಲವಾದರೆ ಪ್ರಮಾಣಪತ್ರ ಇಲ್ಲ. ನೀವೇ ಹೋಗಿ ಹೇಳಿ.’

ಪ್ರಮಾಣಪತ್ರವನ್ನು ಉಳಿದವರು ಗೋಡೆಗೆ ತೂಗುಹಾಕುವವರು. ಈ ಮಾಸ್ಟ್ರಿಗೆ ಅದು ನಿಜವಾಗಿ ಬೇಕಿತ್ತು. ಅವರ ಶಾಲೆಯಲ್ಲಿ ಹೆಡ್‌ಮಾಸ್ಟರ ಜಾಗ ಖಾಲಿಯಿತ್ತು, ಮುಂದಿನ ಸೋಮವಾರ ಬಡ್ತಿಯ ಪಟ್ಟಿ ಹೋಗುವುದಿತ್ತು. ಹಿಂದೆ ಎರಡು ಸಲ ಇದೇ ಪಟ್ಟಿಯಲ್ಲಿ ಹೆಸರು ಬಂದು, ತರಬೇತಿ ಆಗಿಲ್ಲ ಎಂದು ಹೊಡೆದುಹಾಕಿದ್ದರು. ಇದೆಲ್ಲ ತರಬೇತಿಗೆ ಸೇರುವ ದಿನ ಅವರೇ ಅರ್ಜಿಯಲ್ಲಿ ಬರೆದಿದ್ದರು. ಓದಿದವನು ನಾನೊಬ್ಬನೇ ಇರಬೇಕು, ಕಟ್ಟು ಹೊರುವವನು ನಾನಾದ್ದರಿಂದ.

ಬುಧವಾರ ಅವರು ರಜೆ ಹಾಕಿದ್ದರು. ಬಸ್ಸು ಹತ್ತಿ ಕೂಳೂರಿಗೆ ಹೋದೆ. ಸೇತುವೆಯ ಈಚೆ, ಹೊಳೆಯ ಬದಿಗೆ ಅವರ ತಮ್ಮನ ಮರದ ಡಿಪೋ. ಒಳಗೆ ಗರಗಸದ ಯಂತ್ರದ ಕಿರಿಚಾಟ. ಮಾಸ್ಟ್ರು ಒಂದು ಬೆಂಚಿನ ಮೇಲೆ ಕೂತಿದ್ದರು.

‘ಬನ್ನಿ ಸಾರ್. ಅಧಿಕಾರಿಗಳು ಕಳಿಸಿದ್ದಲ್ವಾ?’

‘ಹೇಗೆ ಗೊತ್ತಾಯ್ತು ಮಾಸ್ಟ್ರೇ?’

‘ಈ ಬಿಸಿಲಿಗೆ ಕೂಳೂರಿಗೆ ಯಾರೂ ಕಳಿಸದೆ ಬರುವುದಿಲ್ಲ. ಹೇಳಿ. ಮೊದಲು ಅವರ ಹಾಗೆ ಹೇಳಿ, ಆಮೇಲೆ ನಿಮ್ಮ ಹಾಗೆ ಹೇಳಿ.’

ಅವರ ಹಾಗೆ ಹೇಳಿದೆ. ಗಂಟಲು ಕೆರೆದೆ, ಇಲ್ಲದ ಕನ್ನಡಕವನ್ನು ಹಣೆಗೇರಿಸಿದೆ. ಗರಗಸದ ಹತ್ತಿರ ನಿಂತಿದ್ದ ತಮ್ಮನೂ ನಕ್ಕ. ‘ಒಳ್ಳೆದಾಯ್ತು. ಇನ್ನು ನಿಮ್ಮ ಹಾಗೆ ಹೇಳಿ’ ಎಂದರು ಮಾಸ್ಟ್ರು. ಆ ದಿಮ್ಮಿ ಎಲ್ಲಿ ಎಂದು ಕೇಳಿದೆ. ಅವರು ಗೋಡೆಗೆ ಒರಗಿಸಿದ ಬಿಳಿಚು ಹಲಗೆಗಳ ಕಡೆಗೆ ಗಲ್ಲ ಎತ್ತಿ ತೋರಿಸಿದರು. ಮರ ಹಲಗೆಯಾಗಿತ್ತು. ಇನ್ನು ಲೋಕದಲ್ಲಿ ಯಾರಿಗೂ ಅದರ ಎತ್ತರ ಅಳೆಯುವುದಕ್ಕೆ ಸಾಧ್ಯವಿರಲಿಲ್ಲ.

‘ತಿದ್ದಿ ಬರೆದು ಕೊಡ್ತೇನೆ ಮಾರಾಯ್ರೆ,’ ಎಂದರು. ‘ನಾನು ದೊಡ್ಡ ಸತ್ಯವಂತ ಅಂತ ಎಣಿಸ್ಬೇಡಿ. ನನಗೆ ಹೆಡ್‌ಮಾಸ್ಟರ್ ಆಗ್ಬೇಕು. ಪುಸ್ತಕ ತಂದಿದ್ದೀರಾ? ಕೊಡಿ.’ ಪೆನ್ನಿನ ಮುಚ್ಚಳ ತೆಗೆದರು. ‘ಒಂದು ಮಾತ್ರ ಹೇಳಿ. ಹದಿನೇಳು ಪಾಯಿಂಟ್ ನಾಲ್ಕು ಅಂದ್ರೆ ಐವತ್ತೇಳು ಅಡಿ. ಅದು ನಲವತ್ತು ಅಡಿಯ ಮರ. ನೀವು ಎಲ್ಲಿ ನಿಂತು ನೋಡಿದ್ದು? ನಲವತ್ತು ಅಡಿ ಐವತ್ತೇಳಾಗಿ ಕಾಣುವ ಜಾಗ ಇದ್ರೆ ನಮ್ಮ ಡಿಪೋವನ್ನೇ ಅಲ್ಲಿಗೆ ಹಾಕ್ತೇವೆ.’

‘ನಿಂತದ್ದಲ್ಲ,’ ಎಂದೆ. ‘ಕೂತದ್ದು.’

‘ಎಲ್ಲಿ?’

‘ಮಾವನ ಹೋಟೆಲಲ್ಲಿ.’

ಅವರು ನಗಲಿಲ್ಲ. ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದರು, ಟೊಳ್ಳು ದಿಮ್ಮಿಯನ್ನು ನೋಡುವ ಹಾಗೆ. ‘ನಮ್ಮ ಬಾಪ ಇದ್ದಿದ್ರೆ, ಟೇಪು ಹಿಡಿಯದೆ ಅಳತೆ ಹೇಳಿದವನನ್ನು ಈ ಗೇಟಿನ ಒಳಗೆ ಬಿಡ್ತಿರ್ಲಿಲ್ಲ’ ಎಂದರು. ಆಮೇಲೆ ತಮ್ಮನಿಗೆ, ‘ಒಂದು ಚಾ ಹೇಳು. ಬಂದವರನ್ನು ಬರಿಬಾಯಿಯಲ್ಲಿ ಕಳಿಸ್ಲಿಕ್ಕಿಲ್ಲ’ ಎಂದರು.

ಅಷ್ಟೂ ದಿನ ನಲವತ್ತು ಮಂದಿಯನ್ನು ಕೀಳಾಗಿ ಕಂಡವನು ನಾನು. ನನ್ನ ಹೀಯಾಳಿಕೆಯೆಲ್ಲ ಆ ಒಂದು ಲೋಟ ಚಹಾದ ಮುಂದೆ ಏನೂ ಅಲ್ಲ. ಮೂವತ್ತೊಂಬತ್ತು ಮಂದಿ ಕದ್ದದ್ದು ನನ್ನಿಂದ. ನಾನು ಕದ್ದದ್ದು ಗಾಳಿಯಿಂದ. ಮಾಸ್ಟ್ರು ಪೆನ್ನಿನಿಂದ ಹಳೆಯ ಅಂಕೆಯ ಮೇಲೆ ಗೀಟು ಎಳೆಯಲು ಹೊರಟರು. ಪುಸ್ತಕದ ಮೇಲೆ ಅಂಗೈ ಇಟ್ಟೆ.

‘ಬರೀಬೇಡಿ ಮಾಸ್ಟ್ರೇ. ನಾಳೆ ನಾನು ಎಲ್ಲರ ಎದುರು ಹೇಳ್ತೇನೆ.’

‘ಯಾರ ಧ್ವನಿಯಲ್ಲಿ?’ ಎಂದರು.

ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. ‘ನೋಡಿ, ನೀವು ಹೇಳಿ ದೊಡ್ಡ ಮನುಷ್ಯ ಆಗ್ತೀರಿ. ನನ್ನ ಸರ್ಟಿಫಿಕೇಟು ಹೋಗ್ತದೆ. ನಾಳೆ ಸಂಜೆಯವರೆಗೆ ಕಾಯ್ತೇನೆ. ಆಗ್ಲಿಲ್ಲ ಅಂದ್ರೆ ನಾನೇ ಐವತ್ತೇಳು ಅಡಿ ಮಾಡಿ ಕೊಡ್ತೇನೆ.’

ಗುರುವಾರ ಬೆಳಿಗ್ಗೆ ಅಧಿಕಾರಿಗಳು ಬರುವ ಮೊದಲೇ ಕಪ್ಪುಹಲಗೆಯ ಮುಂದೆ ನಿಂತೆ. ‘ಹದಿನೇಳು ಪಾಯಿಂಟ್ ನಾಲ್ಕನ್ನು ನಾನು ಅಳೆಯಲಿಲ್ಲ. ಮನಸ್ಸಿಗೆ ತೋಚಿದ್ದನ್ನು ಬರೆದೆ. ಕೂಳೂರಿನ ಮಾಸ್ಟ್ರು ಅಳೆದದ್ದು ಸರಿ’ ಎಂದೆ. ಧ್ವನಿ ಕೀರಲಾಗಿ ಬಂತು. ಸಭಾಂಗಣ ಗೊಳ್ಳೆಂದು ನಕ್ಕಿತು.

‘ಇದು ಯಾರದ್ದು ಮಿಮಿಕ್ರಿ ಸಾರ್?’ ಎಂದರು ಮಣ್ಣಗುಡ್ಡದ ಟೀಚರ್. ‘ಸರಿಯಾಗಿ ಬರ್ಲಿಲ್ಲ.’

ಮೂರು ಸಲ ಹೇಳಬೇಕಾಯಿತು. ಮೂರನೆಯ ಸಲ ಯಾರೂ ನಗಲಿಲ್ಲ. ಅವರಿಗೆ ಅರ್ಥವಾದ ಗುರುತು ಸಿಟ್ಟು.

‘ಎಂತ ಸಾರ್ ಇದು! ಪುಸ್ತಕ ಒಪ್ಪಿಸಿ ಆದ ಮೇಲೆ ಹೇಳುವುದಾ? ಈಗ ನಾವು ಮೂರು ವೀಕ್ಷಣೆಯನ್ನೂ ಪುನಃ ಬರೀಬೇಕಾ?’

‘ಸುಳ್ಳು ಹೇಳಿದವರು ಹೇಳಿಯೇ ಮುಗಿಸ್ಬೇಕಿತ್ತು. ಅರ್ಧದಲ್ಲಿ ಬಿಡುವುದೆಂತದ್ದು?’ ಎಂದು ಹಿಂದಿನ ಸಾಲಿನವರೊಬ್ಬರು.

ಅಷ್ಟರಲ್ಲಿ ಅಧಿಕಾರಿಗಳು ಬಂದರು. ಅವರಿಗೂ ಹೇಳಿದೆ, ಅವರ ಮುಖ ನೋಡಿಕೊಂಡೇ. ಅವರು ಕನ್ನಡಕ ಹಣೆಗೇರಿಸಿದರು. ‘ನನಗೆ ಬೇಕಾದದ್ದು ಏಕರೂಪತೆ. ಹದಿನೇಳಾಗಲಿ, ಹನ್ನೆರಡಾಗಲಿ. ಸಂಜೆ ಐದು ಗಂಟೆಗೆ ನಲವತ್ತು ಪುಸ್ತಕಗಳೂ ಒಂದೇ ಆಗಿರಬೇಕು ಎಂಬುದಾಗಿ. ನಿಮ್ಮ ವಿಷಯ ಆಮೇಲೆ.’

ನಾನು ಎಲ್ಲ ಪುಸ್ತಕಗಳನ್ನೂ ಮೇಜಿನ ಮೇಲೆ ಹರಡಿ, ಅಂಗಳದ ಅಂಚಿನಲ್ಲಿರುವ ಬೇರೆ ಮರಗಳನ್ನಾದರೂ ಅಳೆಯಿರಿ ಎಂದು ಅಂಗಲಾಚಿ, ಟೇಪನ್ನೂ ಅಲ್ಲೇ ಇಟ್ಟು, ಮಾವನ ಹೋಟೆಲಿಗೆ ಹೋದೆ. ಅಲ್ಲಿ ನಡೆದದ್ದೆಲ್ಲ ಹೇಳಿದೆ. ‘ಸೋಮವಾರದಿಂದ ಗಲ್ಲಾಕ್ಕೆ ಬಾ’ ಎಂದರು ಮಾವ. ಅವರ ಧ್ವನಿಯಲ್ಲಿ ಬೇಸರವೇ ಇರಲಿಲ್ಲ.

ಮೂರು ಗಂಟೆಗೆ ಮರಳಿ ಬಂದಾಗ ಟೇಪು ಇಟ್ಟಲ್ಲೇ ಇತ್ತು. ಕೂಳೂರಿನ ಮಾಸ್ಟ್ರ ಪುಸ್ತಕ ಇರಲಿಲ್ಲ. ಅದರ ದಾರ ಬಿಚ್ಚಿ, ಹಾಳೆಗಳನ್ನು ಬೇರೆಬೇರೆ ಮಾಡಿ, ಒಂದೊಂದು ಬೆಂಚಿಗೆ ಒಂದೊಂದು ಹಾಳೆಯಂತೆ ಹಂಚಿಕೊಂಡು ಎಲ್ಲರೂ ತಮ್ಮ ಹಳೆಯ ಬರಹಕ್ಕೆ ಗೀಟು ಎಳೆದು ಬರೆಯುತ್ತಿದ್ದರು. ತಲೆ ಎತ್ತಿದವರಿಲ್ಲ. ಮಾಸ್ಟ್ರು ಕಿಟಕಿಯ ಹತ್ತಿರ ಕೈಕಟ್ಟಿ ಕೂತು ತಮ್ಮ ಹಾಳೆಗಳು ಬೆಂಚಿನಿಂದ ಬೆಂಚಿಗೆ ದಾಟುವುದನ್ನು ನೋಡುತ್ತಿದ್ದರು.

ಮಾಸ್ಟ್ರ ಹಾಳೆಗಳನ್ನು ಮತ್ತೆ ದಾರದಲ್ಲಿ ಕಟ್ಟಿಟ್ಟದ್ದಾಯಿತು, ಐದು ಗಂಟೆಗೆ ಅಧಿಕಾರಿಗಳು ಒಂದೊಂದೇ ಪುಸ್ತಕ ತೆರೆದರು. ಹನ್ನೆರಡು ಪಾಯಿಂಟ್ ನಾಲ್ಕು. ಹನ್ನೊಂದು ಪಾಯಿಂಟ್ ಒಂಬತ್ತು. ಹನ್ನೆರಡು ಪಾಯಿಂಟ್ ಒಂದು. ನಲವತ್ತರಲ್ಲಿಯೂ ಅದೇ. ‘ಮರ ಇಲ್ಲ. ಭಾನುವಾರ ಕಡಿದಿದ್ದಾರೆ’ ಎಂಬುದೂ ನಲವತ್ತರಲ್ಲಿಯೂ ಇತ್ತು. ಅಧಿಕಾರಿಗಳು ಬೆವರು ಒರೆಸಿಕೊಂಡರು. ಪುಸ್ತಕದಲ್ಲಿ ಅದರ ಕೆಳಗಿನ ಸಾಲಿಗೆ ಬಂದರು. ಆಮೇಲೆ ಇನ್ನೊಂದು ಪುಸ್ತಕ ತೆಗೆದು ಅದೇ ಸಾಲು ಓದಿದರು. ಮತ್ತೊಂದು ತೆಗೆದರು. ಮೂವತ್ತೊಂಬತ್ತು ಮಂದಿಗೂ ಕೂಳೂರಿನಲ್ಲಿ ಮರದ ಡಿಪೋ ಇಟ್ಟ ಒಬ್ಬ ತಮ್ಮ ಹುಟ್ಟಿದ್ದ. ಮಣ್ಣಗುಡ್ಡದ ಟೀಚರಿಗೂ ಹುಟ್ಟಿದ್ದ. ತರಬೇತಿಗೆ ಬಂದಿದ್ದ ಇಬ್ಬರು ಕನ್ಯಾಸ್ತ್ರೀಯರಿಗೂ.

‘ಟೀಚರ್, ನಿಮಗೆ ತಮ್ಮ ಇದ್ದಾರಾ?’ ಎಂದು ಕೇಳಿದೆ.

‘ಸಾರ್, ನೀವು ಇನ್ನು ಮಾತಾಡ್ಬೇಡಿ’ ಎಂದರು.

ಬೇರೆ ಖಾಲಿ ಪುಸ್ತಕಗಳಿರಲಿಲ್ಲ. ಬರೆಸುವುದಕ್ಕೆ ಸಮಯವೂ ಇರಲಿಲ್ಲ. ನಲವತ್ತು ಮಂದಿ ಒಂದೇ ಮಾತು ಹೇಳಿದರೆ ಅದು ತಪ್ಪಲ್ಲ ಎಂಬುದು ಅಧಿಕಾರಿಗಳದೇ ಸಿದ್ಧಾಂತ. ಅವರು ಸಹಿ ಹಾಕಿದರು. ಶುಕ್ರವಾರ, ಮರ ಇದ್ದಲ್ಲಿ ಹಾಕಿದ ಚಪ್ಪರದ ಕೆಳಗೆ, ಸಂಚಾಲಕರ ಕೈಯಿಂದಲೇ ಕೂಳೂರಿನ ಮಾಸ್ಟ್ರು ಪ್ರಮಾಣಪತ್ರ ತೆಗೆದುಕೊಂಡರು. ಅದರಲ್ಲಿ ತಮ್ಮ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಪರೀಕ್ಷಿಸಿ, ಎರಡು ರಟ್ಟುಗಳ ನಡುವೆ ಇಟ್ಟು, ಪಟ್ಟಿ ಹೋಗುವ ಕಚೇರಿಗೆ ಅಲ್ಲಿಂದಲೇ ಹೊರಟರು. ನನಗೆ ಧನ್ಯವಾದ ಹೇಳಲಿಲ್ಲ. ಹೇಳುವಂಥದ್ದೇನೂ ನಾನು ಮಾಡಿರಲಿಲ್ಲ.

ಎಲ್ಲರೂ ಹೋದ ಮೇಲೆ ಅಧಿಕಾರಿಗಳು ನನ್ನ ಮಾದರಿ ಪುಸ್ತಕವನ್ನು ಮೇಜಿನ ಮೇಲೆ ತಳ್ಳಿದರು. ‘ಮುಂದಿನ ತಂಡಕ್ಕೆ ನಿಮ್ಮನ್ನು ಕರೆಯುವುದಿಲ್ಲ ಎಂಬುದಾಗಿ. ಇದನ್ನು ಸರಿಮಾಡಿ ಕಡತಕ್ಕೆ ಸೇರಿಸಿ ಹೋಗಿ.’

ಅಂಗಳದಲ್ಲಿ ಚಪ್ಪರ ಬಿಚ್ಚುತ್ತಿದ್ದರು. ಮರ ಕೂಳೂರಿನಲ್ಲಿ ಹಲಗೆಯಾಗಿ ಒಣಗುತ್ತಿತ್ತು. ನನ್ನ ಬಳಿ ಟೇಪು ಇತ್ತು, ಅಳೆಯುವುದಕ್ಕೆ ಏನೂ ಇರಲಿಲ್ಲ. ಮಾಸ್ಟ್ರ ಪುಸ್ತಕವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಹನ್ನೆರಡು ಪಾಯಿಂಟ್ ಒಂದು ಎಂದು ನೋಡಿ ಬರೆದೆ. ಡಿಪೋದ ಸಾಲೊಂದನ್ನು ಮಾತ್ರ ಬಿಟ್ಟೆ. ನನಗೆ ತಮ್ಮನಿಲ್ಲ.